ಭೂ ಸುಧಾರಣೆಯೂ ನ್ಯಾಯಾಲಯಗಳ ತೂಗುವಿಕೆಯೂ: ಸುಳ್ಯ–ಕಾಸರಗೋಡು ಸೀಮೆಯ ಮೂರು ನಿದರ್ಶನಗಳು

೧. ಪೀಠಿಕೆ

ಪೌರನ ಹಕ್ಕು, ನ್ಯಾಯಸಮ್ಮತವಾದ ನಡವಳಿಕೆ, ಕಾನೂನಿನ ಆಳ್ವಿಕೆ ಎಂಬ ಮೂರು ಮಾತುಗಳು ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ಇವು ಸದಾ ಪರಸ್ಪರ ಹೊಂದಿಕೊಂಡೇ ಇರುವುವೆಂಬ ಭಾವನೆ ವಿದ್ಯಾರ್ಥಿಯಲ್ಲಿ ಹುಟ್ಟುವುದು ಸಹಜವೇ ಆಗಿದೆ. ಆದರೆ ವ್ಯವಹಾರದಲ್ಲಿ ಇವು ಒಂದನ್ನೊಂದು ಎದುರಿಸುವ ಸಂದರ್ಭಗಳು ಕಡಮೆಯಲ್ಲ. ತಲೆಮಾರುಗಳಿಂದ ದುಡಿದ ಒಕ್ಕಲಿಗೆ ಆ ಭೂಮಿ ಸಲ್ಲಬೇಕೆಂಬುದು ನ್ಯಾಯ. ತನ್ನ ಪಟ್ಟೆಯ ಭೂಮಿಯನ್ನು ಕಳೆದುಕೊಳ್ಳುವವನ ಮಾತನ್ನು ಅದಕ್ಕೆ ಮೊದಲು ಕೇಳಬೇಕೆಂಬುದೂ ನ್ಯಾಯ. ಇವೆರಡೂ ಯಾವನೊಬ್ಬ ಅಧಿಕಾರಿಯ ಮರ್ಜಿಯಂತೆ ನಡೆಯದೆ ಗೊತ್ತಾದ ನಿಯಮದಂತೆ ನಡೆಯಬೇಕೆಂಬುದು ಕಾನೂನಿನ ಆಳ್ವಿಕೆ. ಇವುಗಳಲ್ಲಿ ಒಂದು ಇನ್ನೊಂದಕ್ಕೆ ಅಡ್ಡ ಬಂದಾಗ ನ್ಯಾಯಾಲಯವು ತೂಗುವುದಾದರೂ ಹೇಗೆ?

ಈ ಪ್ರಶ್ನೆಯನ್ನು ದೂರದ ದೇಶಗಳ ತೀರ್ಪುಗಳ ಮೂಲಕ ವಿವರಿಸುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ನಾವು ಅದನ್ನು ಬಿಟ್ಟು, ದಕ್ಷಿಣ ಕನ್ನಡದ ದಕ್ಷಿಣದ ಅಂಚಿನಲ್ಲಿ ಭೂಮಿಯ ಬಗೆಗೆ ನಡೆದ ವ್ಯಾಜ್ಯಗಳನ್ನೇ ಆಧಾರವಾಗಿಟ್ಟುಕೊಂಡು ವಿವೇಚಿಸಲು ಉದ್ದೇಶಿಸಿದ್ದೇವೆ. ಸುಳ್ಯ ತಾಲೂಕಿನ ಅಜ್ಜಾವರ ಗ್ರಾಮವು ಕೇರಳದ ಗಡಿಗೆ ಸಮೀಪವಾಗಿದೆ. ಸುಳ್ಯದ ಮೂಲಕ ಹರಿಯುವ ಪಯಸ್ವಿನಿಯು ಗಡಿಯನ್ನು ದಾಟಿ, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯೆಂಬ ಹೆಸರಿನಿಂದ ಕಡಲನ್ನು ಸೇರುತ್ತದೆ. ೧೯೫೬ರ ನವೆಂಬರ್ ೧ರವರೆಗೆ ಹೊಳೆಯ ಈ ಎರಡು ಭಾಗಗಳೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಂದು ರಾಜ್ಯಗಳ ಪುನರ್ವಿಂಗಡಣೆಯಾಗಿ, ಸುಳ್ಯವನ್ನೊಳಗೊಂಡಿದ್ದ ಪುತ್ತೂರು ತಾಲೂಕು ಮೈಸೂರು ರಾಜ್ಯಕ್ಕೂ ಕಾಸರಗೋಡು ತಾಲೂಕು ಕೇರಳಕ್ಕೂ ಸೇರಿದವು. ಮಣ್ಣು ಒಂದೇ, ಬೆಳೆ ಒಂದೇ, ಗೇಣಿಯ ಪದ್ಧತಿಯೂ ಬಹುಮಟ್ಟಿಗೆ ಒಂದೇ. ಆದರೆ ಶಾಸನ ಮಾಡುವ ಸಭೆಗಳು ಎರಡಾದವು. ಎರಡರ ಮೇಲೂ ಇದ್ದುದು ಒಂದೇ ರಾಜ್ಯಾಂಗ, ಒಂದೇ ಸರ್ವೋಚ್ಚ ನ್ಯಾಯಾಲಯ. ಆದುದರಿಂದ ಹಕ್ಕು, ನ್ಯಾಯ ಮತ್ತು ನಿಯಮಗಳ ತೂಗುವಿಕೆಯನ್ನು ಅಭ್ಯಾಸ ಮಾಡಲು ಇದಕ್ಕಿಂತ ಅನುಕೂಲವಾದ ಸೀಮೆ ದೊರೆಯುವುದು ಕಷ್ಟ.

೨. ಸೀಮೆಯ ಭೂವ್ಯವಸ್ಥೆ

೧೭೯೯ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಪ್ರಾಂತವು ಕಂಪೆನಿಯ ಆಡಳಿತಕ್ಕೆ ಬಂದಾಗ, ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿನ ಭೂಮಿಯು ಖಾಸಗಿ ಸ್ವತ್ತಾಗಿದ್ದುದನ್ನು ಗಮನಿಸಿ ವರದಿ ಮಾಡಿದನು. ಸರ್ಕಾರಕ್ಕೆ ನೇರವಾಗಿ ಕಂದಾಯ ಕೊಡುವ ವರ್ಗದಾರನು ಇಲ್ಲಿನ ರೈತವಾರಿ ಪದ್ಧತಿಯ ಮೂಲಪುರುಷ. ಅವನ ಕೈಕೆಳಗೆ ಎರಡು ಬಗೆಯ ಒಕ್ಕಲುಗಳಿದ್ದವು. ಮೂಲಗೇಣಿಯವನು ಗೊತ್ತಾದ ಗೇಣಿಯನ್ನು ಕೊಡುತ್ತಿರುವವರೆಗೆ ಭೂಮಿಯಲ್ಲಿ ಶಾಶ್ವತವಾಗಿ ಇರತಕ್ಕವನು. ಚಾಲಗೇಣಿಯವನಿಗೆ ಅಂತಹ ಆಶ್ರಯವಿರಲಿಲ್ಲ. ಧಣಿಯ ಇಚ್ಛೆಯಿರುವಷ್ಟು ಕಾಲ ಅವನ ಬೇಸಾಯ. ಗೇಣಿಯನ್ನು ಬಹುಮಟ್ಟಿಗೆ ಅಕ್ಕಿಯ ಮುಡಿಗಳಲ್ಲಿ ಅಳೆಯುತ್ತಿದ್ದರು. ಕೊಟ್ಟ ಗೇಣಿಗೆ ರಶೀದಿ ಪಡೆಯುವ ರೂಢಿ ವಿರಳವಾಗಿತ್ತು. ಬೇಸಾಯ ಮಾಡುವವನು ಯಾರೆಂಬುದು ಊರಿಗೆಲ್ಲ ತಿಳಿದಿದ್ದರೂ ಕಾಗದದಲ್ಲಿ ಅದಕ್ಕೆ ಗುರುತಿರಲಿಲ್ಲ. ಮುಂದಿನ ವ್ಯಾಜ್ಯಗಳೆಲ್ಲದರ ಬೇರು ಇಲ್ಲಿದೆ.

ಅಹವಾಲನ್ನು ಕೇಳುವ ಸ್ಥಾನವಿಲ್ಲದಿದ್ದರೆ ಏನಾಗುವುದೆಂಬುದಕ್ಕೂ ಈ ಸೀಮೆಯ ಚರಿತ್ರೆಯಲ್ಲಿ ನಿದರ್ಶನವುಂಟು. ಕೊಡಗಿನ ಅರಸರ ಅಧೀನದಲ್ಲಿದ್ದ ಅಮರ ಸುಳ್ಯ ಭಾಗವನ್ನು ೧೮೩೪ರಲ್ಲಿ ಕಂಪೆನಿಯು ಕೆನರಾಕ್ಕೆ ಸೇರಿಸಿತು. ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಹಣದ ರೂಪದಲ್ಲಿ ಕೊಡಬೇಕಾಗಿ ಬಂದುದು ರೈತರ ಅಸಮಾಧಾನದ ಮುಖ್ಯ ಕಾರಣಗಳಲ್ಲೊಂದೆಂದು ಚರಿತ್ರಕಾರರು ಹೇಳುತ್ತಾರೆ. ೧೮೩೭ರ ದಂಗೆಯು ಸುಳ್ಯದಿಂದ ಹೊರಟು ಮಂಗಳೂರನ್ನು ಮುಟ್ಟಿತು. ಅದರ ನಾಯಕರು ನೇಣಿಗೇರಿದರು. ಕಂದಾಯದ ನಿಯಮವು ನ್ಯಾಯವೇ ಅಲ್ಲವೇ ಎಂದು ಕೇಳುವುದಕ್ಕೆ ಆ ರೈತನಿಗೆ ಯಾವ ಪೀಠವೂ ಇರಲಿಲ್ಲ. ೧೯೫೦ರ ರಾಜ್ಯಾಂಗವು ತಂದ ಬದಲಾವಣೆಯ ಬೆಲೆಯನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು.

೩. ಸಮಾನರಲ್ಲಿ ಭೇದ: ಕುಂಞಿಕೋಮನ್ ಮೊಕದ್ದಮೆ, ೧೯೬೧

ಮೊದಲನೆಯ ನಿದರ್ಶನವು ಗಡಿಯಾಚೆಯದು. ಕೇರಳದ ಶಾಸನಸಭೆಯು ಭೂ ಒಡೆತನಕ್ಕೆ ಮಿತಿಯನ್ನು ಹಾಕಿ, ಗೇಣಿದಾರರಿಗೆ ಭೂಮಿಯನ್ನು ಕೊಡಿಸುವ ಉದ್ದೇಶದಿಂದ ಕೃಷಿ ಸಂಬಂಧಗಳ ಕಾಯಿದೆಯೊಂದನ್ನು ಮಾಡಿತು. ಅದು ೧೯೬೧ರ ೪ನೆಯ ಕಾಯಿದೆಯಾಗಿ ಜಾರಿಗೆ ಬಂದಿತು. ಮದರಾಸಿನಿಂದ ಕೇರಳಕ್ಕೆ ಸೇರಿದ್ದ ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ರೈತವಾರಿ ಭೂಮಿಗೆ ಸಂಬಂಧಿಸಿದಂತೆ ಇದನ್ನು ಪ್ರಶ್ನಿಸಿ, ಅಡಿಕೆ ಮತ್ತು ಕರಿಮೆಣಸಿನ ತೋಟಗಳಿದ್ದವರು ಸರ್ವೋಚ್ಚ ನ್ಯಾಯಾಲಯವನ್ನು ಸೇರಿದರು. ಇದು ಕರಿಂಬಿಲ್ ಕುಂಞಿಕೋಮನ್ ವಿರುದ್ಧ ಕೇರಳ ರಾಜ್ಯ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ತೀರ್ಪು ೧೯೬೧ರ ಡಿಸೆಂಬರಿನಲ್ಲಿ ಬಂದಿತು.

ಮೊದಲು ಒಂದು ಬಾಗಿಲನ್ನು ದಾಟಬೇಕಾಗಿತ್ತು. ರಾಜ್ಯಾಂಗದ ೩೧ಎ ವಿಧಿಯು 'ಎಸ್ಟೇಟು'ಗಳನ್ನು ಸರ್ಕಾರವು ವಶಪಡಿಸಿಕೊಳ್ಳುವ ಕಾಯಿದೆಗಳಿಗೆ ೧೪, ೧೯ ಮತ್ತು ೩೧ನೆಯ ವಿಧಿಗಳ ಆಕ್ಷೇಪದಿಂದ ರಕ್ಷಣೆ ಕೊಡುತ್ತಿತ್ತು. ಜಮೀನ್ದಾರಿಯನ್ನು ತೊಡೆದುಹಾಕುವ ಕಾಯಿದೆಗಳನ್ನು ಉಳಿಸುವುದಕ್ಕಾಗಿ ಬಂದ ವಿಧಿಯಿದು. ಆದರೆ ದಕ್ಷಿಣ ಕನ್ನಡದಲ್ಲಿ ರೈತವಾರಿ ಪಟ್ಟೆಯ ಭೂಮಿಯನ್ನು ಎಸ್ಟೇಟೆಂದು ಕರೆಯುವ ಕಾನೂನು ಎಂದೂ ಇರಲಿಲ್ಲ. ಆದುದರಿಂದ ಈ ಎರಡು ತಾಲೂಕುಗಳ ಅಂತಹ ಭೂಮಿಗೆ ೩೧ಎ ವಿಧಿಯ ರಕ್ಷಣೆ ಸಲ್ಲದೆಂದೂ ಮೂಲಭೂತ ಹಕ್ಕುಗಳ ಒರೆಗಲ್ಲಿಗೆ ಕಾಯಿದೆಯನ್ನು ಹಚ್ಚಬೇಕೆಂದೂ ಬಹುಮತದ ತೀರ್ಪು ಹೇಳಿತು.

ಅನಂತರ ಬಂದುದು ೧೪ನೆಯ ವಿಧಿಯ ಪ್ರಶ್ನೆ. ಶಾಸನಸಭೆಯು ಜನರನ್ನೂ ವಸ್ತುಗಳನ್ನೂ ವರ್ಗೀಕರಿಸಬಾರದೆಂದು ಆ ವಿಧಿಯು ಹೇಳುವುದಿಲ್ಲ. ವರ್ಗೀಕರಣಕ್ಕೆ ಬುದ್ಧಿಗೆ ಗೋಚರವಾಗುವ ಭೇದವೊಂದು ಆಧಾರವಾಗಿರಬೇಕು. ಆ ಭೇದಕ್ಕೂ ಕಾಯಿದೆಯ ಉದ್ದೇಶಕ್ಕೂ ಯುಕ್ತವಾದ ಸಂಬಂಧವಿರಬೇಕು. ಇವೆರಡೇ ಪರೀಕ್ಷೆಗಳು. ಕೇರಳದ ಕಾಯಿದೆಯು ಚಹಾ, ಕಾಫಿ ಮತ್ತು ರಬ್ಬರಿನ ತೋಟಗಳಿಗೆ ವಿನಾಯಿತಿಯನ್ನು ಕೊಟ್ಟಿತ್ತು. ಅಡಿಕೆ ಮತ್ತು ಮೆಣಸಿನ ತೋಟಗಳಿಗೆ ಕೊಟ್ಟಿರಲಿಲ್ಲ. ಮೊದಲ ಮೂರು ಬೆಳೆಗಳ ತೋಟವನ್ನು ತುಂಡು ಮಾಡಿದರೆ ಉತ್ಪತ್ತಿ ಕುಂದುವುದೆಂಬುದು ವಿನಾಯಿತಿಯ ಕಾರಣವಾದರೆ, ಆ ಕಾರಣವು ಅಡಿಕೆ ಮೆಣಸುಗಳಿಗೂ ಅನ್ವಯಿಸುತ್ತದೆಯಲ್ಲವೇ? ಪುತ್ತೂರು, ಸುಳ್ಯ, ಕಡಬಗಳ ಅಡಿಕೆ ಬೆಳೆಗಾರನಿಗೆ ಈ ಪ್ರಶ್ನೆಯ ತೂಕವನ್ನು ವಿವರಿಸಬೇಕಾಗಿಲ್ಲ. ಸಸಿ ನೆಟ್ಟು ಫಲಕ್ಕಾಗಿ ವರ್ಷಗಟ್ಟಲೆ ಕಾಯುವ, ನೀರು, ಸೊಪ್ಪು, ಗೊಬ್ಬರಗಳಿಗೆ ಮೊದಲೇ ಹಣ ಹೂಡುವ ಬೇಸಾಯವದು. ಸರ್ವೋಚ್ಚ ನ್ಯಾಯಾಲಯವು ಈ ಭೇದಕ್ಕೆ ಯುಕ್ತವಾದ ಆಧಾರವನ್ನು ಕಾಣಲಿಲ್ಲ. ಕುಟುಂಬದ ಕೃತಕವಾದ ವ್ಯಾಖ್ಯೆಯ ಮೇಲೆ ನಿಂತ ಭೂಮಿತಿಯಲ್ಲಿಯೂ, ಮೊತ್ತ ಹೆಚ್ಚಿದಂತೆ ಪರಿಹಾರದ ಕಡಿತವನ್ನೂ ಹೆಚ್ಚಿಸುವ ಕ್ರಮದಲ್ಲಿಯೂ ಅದು ಇದೇ ದೋಷವನ್ನು ಕಂಡಿತು. ಈ ಎರಡು ತಾಲೂಕುಗಳ ರೈತವಾರಿ ಭೂಮಿಯ ಮಟ್ಟಿಗೆ ಕಾಯಿದೆಯು ಅಸಿಂಧುವಾಯಿತು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಭೂಮಿಯ ಒಡೆತನಕ್ಕೆ ಮಿತಿ ಹಾಕುವುದೇ ತಪ್ಪೆಂದು ನ್ಯಾಯಾಲಯವು ಹೇಳಲಿಲ್ಲ. ಹಾಕುವ ಮಿತಿಯು ಸಮಾನರಲ್ಲಿ ಭೇದವೆಣಿಸಬಾರದೆಂದಿತು. ತೀರ್ಪಿಗೆ ಸಂಸತ್ತು ಕೊಟ್ಟ ಉತ್ತರವೂ ಗಮನಾರ್ಹವಾದುದು. ೧೯೬೪ರ ಹದಿನೇಳನೆಯ ತಿದ್ದುಪಡಿಯ ಮೂಲಕ 'ಎಸ್ಟೇಟು' ಎಂಬ ಪದದ ಅರ್ಥವನ್ನು ವಿಸ್ತರಿಸಿ ರೈತವಾರಿ ಭೂಮಿಯನ್ನೂ ಅದರೊಳಗೆ ಸೇರಿಸಿತು. ಮೈಸೂರು ಭೂ ಸುಧಾರಣಾ ಕಾಯಿದೆಯೂ ಸೇರಿದಂತೆ ಹಲವು ಕಾಯಿದೆಗಳನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿ, ಮೂಲಭೂತ ಹಕ್ಕುಗಳಿಗೆ ವಿರುದ್ಧವೆಂಬ ಆಕ್ಷೇಪದಿಂದ ಅವನ್ನು ಪಾರುಮಾಡಿತು. ಈ ತಾಲೂಕುಗಳ ಅಡಿಕೆ, ಮೆಣಸಿನ ತೋಟಗಳ ವ್ಯಾಜ್ಯವು ಹೀಗೆ ದೇಶದ ರಾಜ್ಯಾಂಗವನ್ನೇ ತಿದ್ದುವ ಕಾರಣಗಳಲ್ಲೊಂದಾಯಿತು. ಹಾಗಾದರೆ ಸಂಸತ್ತು ತನಗೆ ಬೇಕಾದಷ್ಟು ದೂರ ಹೀಗೆ ತಿದ್ದುತ್ತ ಹೋಗಬಹುದೇ? ಎರಡನೆಯ ನಿದರ್ಶನವು ಈ ಪ್ರಶ್ನೆಗೆ ಸಂಬಂಧಿಸಿದೆ.

೪. ಮುಚ್ಚಲಾಗದ ಬಾಗಿಲು: ಎಡನೀರು ಮಠದ ಅರ್ಜಿ, ೧೯೭೦–೧೯೭೩

ಕಾಸರಗೋಡು ತಾಲೂಕಿನ ಎಡನೀರಿನಲ್ಲಿ ಶಾಂಕರ ಪರಂಪರೆಯ ಮಠವೊಂದಿದೆ. ಕನ್ನಡದ ಕಲೆಗಳಿಗೆ, ವಿಶೇಷವಾಗಿ ಯಕ್ಷಗಾನಕ್ಕೆ, ಅದು ಆಶ್ರಯವಾಗಿರುವುದು ಸರ್ವವಿದಿತ. ೨೦೨೦ರ ಸೆಪ್ಟೆಂಬರ್ ೬ರಂದು ದೈವಾಧೀನರಾದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಆಗ ಅದರ ಪೀಠಾಧಿಪತಿಗಳಾಗಿದ್ದರು. ಕೇರಳದ ಭೂ ಸುಧಾರಣಾ ಕಾಯಿದೆಯ ೧೯೬೯ರ ತಿದ್ದುಪಡಿಯು ೧೯೭೦ರ ಜನವರಿ ೧ರಿಂದ ಜಾರಿಗೆ ಬಂದಾಗ ಮಠದ ಭೂಮಿಗೂ ಅದು ತಗುಲಿತು. ಸ್ವಾಮಿಗಳು ೧೯೭೦ರ ಮಾರ್ಚ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿಯನ್ನು ಸಲ್ಲಿಸಿ, ಸಮಾನತೆ, ಆಸ್ತಿ ಮತ್ತು ಧಾರ್ಮಿಕ ಸಂಸ್ಥೆಗಳ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಹಕ್ಕುಗಳ ರಕ್ಷಣೆಯನ್ನು ಕೋರಿದರು. ಅರ್ಜಿಯು ವಿಚಾರಣೆಯಲ್ಲಿರುವಾಗಲೇ ಸಂಸತ್ತು ೨೪, ೨೫ ಮತ್ತು ೨೯ನೆಯ ತಿದ್ದುಪಡಿಗಳನ್ನು ಮಾಡಿತು. ಇವುಗಳಲ್ಲಿ ಕೊನೆಯದು ಕೇರಳದ ತಿದ್ದುಪಡಿ ಕಾಯಿದೆಗಳನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿತು. ಹೀಗಾಗಿ ಒಂದು ಮಠದ ಭೂಮಿಯ ಪ್ರಶ್ನೆಯು ಸಂಸತ್ತಿನ ಅಧಿಕಾರದ ಮೇರೆಯ ಪ್ರಶ್ನೆಯಾಗಿ ಬೆಳೆಯಿತು. ಹದಿಮೂರು ಮಂದಿ ನ್ಯಾಯಮೂರ್ತಿಗಳ ಪೀಠವು ೬೮ ದಿನಗಳ ಕಾಲ ವಾದಗಳನ್ನು ಕೇಳಿ, ೧೯೭೩ರ ಏಪ್ರಿಲ್ ೨೪ರಂದು ತೀರ್ಪಿತ್ತಿತು.

ಏಳು ಮಂದಿಯ ಬಹುಮತದಿಂದ ಹೊರಟ ಸಿದ್ಧಾಂತವು ಇಂದು ಪ್ರತಿಯೊಬ್ಬ ವಿದ್ಯಾರ್ಥಿಗೂ ಪರಿಚಿತವಾದುದು: ಸಂಸತ್ತು ರಾಜ್ಯಾಂಗದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸಲಾಗದು. ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರವಾದ ಎರಡು ಅಂಶಗಳಿವೆ. ಅವುಗಳ ಕಡೆಗೆ ಓದುಗರ ಗಮನ ಅಷ್ಟಾಗಿ ಹರಿಯುವುದಿಲ್ಲ.

ಒಂದನೆಯದು, ೨೯ನೆಯ ತಿದ್ದುಪಡಿಯನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಭೂ ಸುಧಾರಣೆಯ ಕಾರ್ಯಕ್ಕೆ ತಡೆಯಾಗಲಿಲ್ಲ. ಯಾರ ಹೆಸರಿನಲ್ಲಿ ಈ ಸಿದ್ಧಾಂತವು ಲೋಕಪ್ರಸಿದ್ಧವಾಯಿತೋ ಆ ಅರ್ಜಿದಾರರಿಗೆ, ತಮ್ಮ ಮಠದ ಭೂಮಿಯ ಮಟ್ಟಿಗೆ, ಅಪೇಕ್ಷಿಸಿದ ಫಲವು ಸಿಗಲಿಲ್ಲ. ಎರಡನೆಯದು, ೨೫ನೆಯ ತಿದ್ದುಪಡಿಯು ಹೊಸದಾಗಿ ಸೇರಿಸಿದ ೩೧ಸಿ ವಿಧಿಗೆ ಸಂಬಂಧಿಸಿದುದು. ಸಂಪತ್ತಿನ ಸಮ ಹಂಚಿಕೆಯ ನಿರ್ದೇಶಕ ತತ್ವಗಳನ್ನು ಕಾರ್ಯರೂಪಕ್ಕೆ ತರುವ ಕಾಯಿದೆಗೆ ೧೪, ೧೯ ಮತ್ತು ೩೧ನೆಯ ವಿಧಿಗಳ ಬಾಧೆ ಇರಕೂಡದೆಂದು ಅದರ ಮೊದಲ ಭಾಗವು ಹೇಳುತ್ತಿತ್ತು. ಇದನ್ನು ನ್ಯಾಯಾಲಯವು ಒಪ್ಪಿತು. ಕಾಯಿದೆಯಲ್ಲಿ ಅಂತಹ ಉದ್ದೇಶದ ಘೋಷಣೆಯೊಂದಿದ್ದರೆ, ಆ ಉದ್ದೇಶಕ್ಕೂ ಕಾಯಿದೆಗೂ ನಿಜವಾಗಿ ಸಂಬಂಧವಿದೆಯೇ ಎಂದು ನ್ಯಾಯಾಲಯವು ಕೇಳಕೂಡದೆಂದು ಎರಡನೆಯ ಭಾಗವು ಹೇಳುತ್ತಿತ್ತು, ಇದನ್ನು ಒಪ್ಪಲಿಲ್ಲ. ಬಡವನ ಹಿತಕ್ಕಾಗಿ ಮಾಡಿದ ಕಾಯಿದೆಯೆಂಬ ಮಾತು ನಿಜವೇ ಎಂದು ಪರೀಕ್ಷಿಸುವ ಬಾಗಿಲನ್ನು ಮುಚ್ಚಿದರೆ, ಆ ಹೆಸರಿನಲ್ಲಿ ಯಾವ ಕಾಯಿದೆಯನ್ನಾದರೂ ಮಾಡಬಹುದಾಗುತ್ತದೆ. ಉದ್ದೇಶವನ್ನು ಶಾಸನಸಭೆಗೆ ಬಿಟ್ಟು, ಪ್ರಶ್ನೆ ಕೇಳುವ ಅಧಿಕಾರವನ್ನು ಉಳಿಸಿಕೊಂಡುದು ಈ ತೂಗುವಿಕೆಯ ಸಾರ. ೧೯೭೩ರ ಏಪ್ರಿಲ್ ೨೪ರ ಅನಂತರ ಒಂಬತ್ತನೆಯ ಅನುಸೂಚಿಗೆ ಸೇರಿದ ಕಾಯಿದೆಗಳೂ ಮೂಲ ರಚನೆಯ ಪರೀಕ್ಷೆಗೆ ಒಳಪಡತಕ್ಕವೆಂದು ೧೯೮೧ರ ವಾಮನ ರಾವ್ ಮೊಕದ್ದಮೆಯಲ್ಲಿಯೂ ೨೦೦೭ರ ಕೊಯೆಲ್ಹೊ ಮೊಕದ್ದಮೆಯಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಈ ನಡುವೆ ೧೯೭೮ರ ೪೪ನೆಯ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಂದು, ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆಂಬ ೩೦೦ಎ ವಿಧಿಯ ರೂಪದಲ್ಲಿ ಉಳಿಯಿತು.

೫. ಭೂನ್ಯಾಯ ಮಂಡಳಿ: ರಚನೆ ಮತ್ತು ಸಮಸ್ಯೆ

ಮೂರನೆಯ ನಿದರ್ಶನಕ್ಕಾಗಿ ನಾವು ಗಡಿಯ ಈಚೆಗೆ, ಅಜ್ಜಾವರದಂತಹ ಗ್ರಾಮಗಳಿಗೆ ಬರಬೇಕು. ಮೈಸೂರು ಭೂ ಸುಧಾರಣಾ ಕಾಯಿದೆಯು ೧೯೬೧ರಲ್ಲಿ ರಚಿತವಾಗಿ ೧೯೬೫ರ ಅಕ್ಟೋಬರ್ ೨ರಂದು ಜಾರಿಗೆ ಬಂದಿತು. ಆದರೆ ಗೇಣಿದಾರನ ಬಾಳಿನಲ್ಲಿ ಆಮೂಲಾಗ್ರವಾದ ಬದಲಾವಣೆಯನ್ನು ತಂದುದು ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಬಂದ ತಿದ್ದುಪಡಿ. ಅದರಂತೆ ಗೇಣಿದಾರರ ಸ್ವಾಧೀನದಲ್ಲಿದ್ದ ಭೂಮಿಯೆಲ್ಲವೂ ೧೯೭೪ರ ಮಾರ್ಚ್ ೧ರಂದು ರಾಜ್ಯ ಸರ್ಕಾರದಲ್ಲಿ ನಿಹಿತವಾಯಿತು. ಸೈನಿಕರು ಮತ್ತು ನಾವಿಕರ ಹೊರತು ಉಳಿದ ಒಡೆಯರಿಗೆ, ಹಿಡುವಳಿ ಎಷ್ಟೇ ಚಿಕ್ಕದಾಗಿದ್ದರೂ, ಹೊಸದಾಗಿ ವಿನಾಯಿತಿ ಇರಲಿಲ್ಲ. ಗೇಣಿದಾರನು ೭ನೆಯ ನಮೂನೆಯಲ್ಲಿ ಅರ್ಜಿಯನ್ನು ಸಲ್ಲಿಸಿ ಅಧಿಭೋಗದ ಹಕ್ಕನ್ನು ಪಡೆಯತಕ್ಕದ್ದು. ಅರ್ಜಿಯ ಕೊನೆಯ ದಿನವನ್ನು ಹಲವು ಬಾರಿ ಮುಂದುವರಿಸಿ, ಕೊನೆಗೆ ೧೯೭೯ರ ಜೂನ್ ೩೦ಕ್ಕೆ ನಿಲ್ಲಿಸಲಾಯಿತು.

ಈ ಅರ್ಜಿಗಳನ್ನು ಸಿವಿಲ್ ನ್ಯಾಯಾಲಯಗಳಿಗೆ ಒಪ್ಪಿಸಿದರೆ ಒಕ್ಕಲಿನ ಮೊಮ್ಮಗನ ಕಾಲಕ್ಕೂ ತೀರ್ಮಾನವಾಗದೆಂಬ ಭಯವು ಶಾಸನಸಭೆಗಿತ್ತು. ಆದುದರಿಂದ ತಾಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳನ್ನು ರಚಿಸಲಾಯಿತು. ಅಸಿಸ್ಟೆಂಟ್ ಕಮಿಷನರರು ಅಧ್ಯಕ್ಷರು. ಸರ್ಕಾರವು ನಾಮಕರಣ ಮಾಡಿದ ನಾಲ್ವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಿಚಾರಣೆಯು ಸಂಕ್ಷಿಪ್ತ ಕ್ರಮದ್ದು. ೪೮ನೆಯ ಕಲಮಿನ ೮ನೆಯ ಉಪಕಲಮಿನಂತೆ ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿರಲಿಲ್ಲ. ಮಂಡಳಿಯ ಆದೇಶವೇ ಅಂತಿಮ. ಸಿವಿಲ್ ನ್ಯಾಯಾಲಯದ ದಾವೆಯಲ್ಲಿ ಗೇಣಿದಾರಿಕೆಯ ಪ್ರಶ್ನೆ ಬಂದರೆ ದಾವೆಯನ್ನು ತಡೆದು, ಪ್ರಶ್ನೆಯನ್ನು ಮಂಡಳಿಗೆ ಕಳುಹಿಸಬೇಕು. ಗಡಿಯಾಚೆಯ ಕೇರಳದಲ್ಲಿ ಮಂಡಳಿಯ ಮೇಲೆ ಮೇಲ್ಮನವಿಯ ಪ್ರಾಧಿಕಾರವೂ ಅದರ ಮೇಲೆ ಉಚ್ಚ ನ್ಯಾಯಾಲಯದ ಪುನರೀಕ್ಷಣಾಧಿಕಾರವೂ ಕಾಯಿದೆಯಲ್ಲೇ ಇದ್ದವು. ನಮ್ಮಲ್ಲಿ ಅಂತಹ ಮೆಟ್ಟಿಲುಗಳನ್ನು ಇಡಲಿಲ್ಲ. ಉದ್ದೇಶವು ಸ್ಪಷ್ಟ: ಧಣಿಯ ಹಣ ಮತ್ತು ವಕೀಲರ ಚಾತುರ್ಯಗಳು ಒಕ್ಕಲನ್ನು ದಣಿಸಬಾರದು.

ಮಂಡಳಿಯು ತೀರ್ಮಾನಿಸಬೇಕಾದ ಮುಖ್ಯ ಪ್ರಶ್ನೆ ಒಂದೇ ವಾಕ್ಯದ್ದು. ೧೯೭೪ರ ಮಾರ್ಚ್ ೧ಕ್ಕೆ ಮುನ್ನ ಅರ್ಜಿದಾರನು ಆ ಭೂಮಿಯ ಗೇಣಿದಾರನಾಗಿದ್ದನೇ, ಇಲ್ಲವೇ? ಕೇಳುವುದಕ್ಕೆ ಇದು ಸುಲಭ. ಉತ್ತರಿಸುವುದು ಎಷ್ಟು ಕಷ್ಟವೆಂಬುದನ್ನು ತಿಳಿಯಲು ಉದಾಹರಣೆಯೊಂದನ್ನು ಕಲ್ಪಿಸಿಕೊಳ್ಳೋಣ.

೬. ಒಂದು ಕಲ್ಪಿತ ಉದಾಹರಣೆ

ಎರಡು ಎಕರೆ ಅಡಿಕೆ ತೋಟ. ಪಟ್ಟೆಯು ಒಬ್ಬ ವಿಧವೆಯ ಹೆಸರಿನಲ್ಲಿದೆ. ಗಂಡನು ಬಿಟ್ಟುಹೋದ ಸ್ವತ್ತು ಇದಿಷ್ಟೇ. ಆಕೆ ಮಗನೊಡನೆ ಮಂಗಳೂರಿನಲ್ಲಿ ವಾಸವಾಗಿದ್ದಾಳೆ. ತೋಟದಲ್ಲಿ ಗುಡಿಸಲು ಕಟ್ಟಿಕೊಂಡಿರುವವನು ತಾನು ಚಾಲಗೇಣಿಯ ಒಕ್ಕಲೆಂದೂ ತನ್ನ ತಂದೆಯ ಕಾಲದಿಂದ ಮರಗಳನ್ನು ಸಾಕಿದವರು ತಾವೆಂದೂ ೭ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟಿದ್ದಾನೆ. ಅವನು ಕೂಲಿಗೆ ನಿಂತವನೆಂಬುದು ಆಕೆಯ ಮಾತು. ಗೇಣಿಯ ರಶೀದಿ ಇಲ್ಲ. ಪಹಣಿಯ ಸಾಗುವಳಿದಾರರ ಕಲಮಿನಲ್ಲಿ ಶ್ಯಾನುಭಾಗನು ಒಡತಿಯ ಹೆಸರನ್ನೇ ಬರೆದಿದ್ದಾನೆ. ೧೯೬೪ರ ಭೂಕಂದಾಯ ಕಾಯಿದೆಯ ೧೩೩ನೆಯ ಕಲಮಿನಂತೆ, ವಿರುದ್ಧವಾದುದು ರುಜುವಾತಾಗುವವರೆಗೆ ಆ ದಾಖಲೆಯನ್ನು ಸತ್ಯವೆಂದು ಭಾವಿಸಬೇಕು. ಆದರೆ ದಾಖಲೆಯನ್ನು ಬರೆಯುವಾಗ ಒಕ್ಕಲನ್ನು ಯಾರೂ ಕೇಳಿರಲಿಲ್ಲವೆಂಬುದೂ ನಿಜವಿರಬಹುದು.

ಇಬ್ಬರಿಗೂ ಇಲ್ಲಿ ಪಣವಾಗಿರುವುದು ಬದುಕು. ಮಂಡಳಿಯು ಒಕ್ಕಲು ಹಾಜರಿರುವ ದಿನದಂದು, ಒಡತಿಗೆ ನೋಟೀಸು ತಲುಪಿತೇ ಎಂದು ನೋಡದೆ, "ಅರ್ಜಿದಾರನು ಗೇಣಿದಾರನೆಂದು ಕಂಡುಬಂದಿದೆ" ಎಂದು ಒಂದು ಸಾಲನ್ನು ಬರೆದು ಹಕ್ಕನ್ನು ಕೊಟ್ಟಿತೆನ್ನೋಣ. ಅಥವಾ ಇದಕ್ಕೆ ಪ್ರತಿಯಾಗಿ, ನೆರೆಕರೆಯವರ ಸಾಕ್ಷ್ಯವನ್ನು ತೆಗೆದುಕೊಳ್ಳದೆ, "ಪಹಣಿಯಲ್ಲಿ ಹೆಸರಿಲ್ಲ" ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ವಜಾ ಮಾಡಿತೆನ್ನೋಣ. ಮೊದಲನೆಯದರಲ್ಲಿ ವಿಧವೆಗೆ ಅನ್ಯಾಯ, ಎರಡನೆಯದರಲ್ಲಿ ಒಕ್ಕಲಿಗೆ ಅನ್ಯಾಯ. ದೋಷ ಮಾತ್ರ ಎರಡರಲ್ಲಿಯೂ ಒಂದೇ: ಕಳೆದುಕೊಳ್ಳುವವರ ಮಾತನ್ನು ಕೇಳಲಿಲ್ಲ, ಕಾರಣವನ್ನು ಹೇಳಲಿಲ್ಲ.

ಇಂತಹ ಆದೇಶಗಳ ಮೇಲೆ ಮೇಲ್ಮನವಿ ಇಲ್ಲದಿದ್ದರೂ ರಾಜ್ಯಾಂಗದ ೨೨೬ ಮತ್ತು ೨೨೭ನೆಯ ವಿಧಿಗಳು ಇದ್ದವು. ಕಾಯಿದೆಯು ಯಾವ ಆದೇಶವನ್ನು ಅಂತಿಮವೆಂದು ಕರೆದರೂ ಉಚ್ಚ ನ್ಯಾಯಾಲಯದ ರಿಟ್ ಅಧಿಕಾರವನ್ನು ಅದು ಕಸಿದುಕೊಳ್ಳಲಾರದು. ಧಣಿಗಳೂ ಒಕ್ಕಲುಗಳೂ ಘಟ್ಟ ಹತ್ತಿ ಬೆಂಗಳೂರಿನ ಉಚ್ಚ ನ್ಯಾಯಾಲಯಕ್ಕೆ ದೊಡ್ಡ ಸಂಖ್ಯೆಯಲ್ಲಿ ಹೋದರು. ಅಲ್ಲಿ ಅನ್ವಯಿಸಿದ ಪರೀಕ್ಷೆಯು ಸರ್ವೋಚ್ಚ ನ್ಯಾಯಾಲಯವು ೧೯೬೩ರ ಸಯ್ಯದ್ ಯಾಕೂಬ್ ಮೊಕದ್ದಮೆಯಲ್ಲಿ ನಿರೂಪಿಸಿದ್ದುದೇ ಆಗಿದೆ. ರಿಟ್ ನ್ಯಾಯಾಲಯವು ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ಎರಡು ಅಭಿಪ್ರಾಯಗಳಿಗೆ ಎಡೆಯಿರುವಲ್ಲಿ ತನ್ನ ಅಭಿಪ್ರಾಯವನ್ನು ಹೇರುವುದಿಲ್ಲ. ಮಂಡಳಿಗೆ ಅಧಿಕಾರವಿತ್ತೇ, ಅದು ಸಹಜ ನ್ಯಾಯದ ತತ್ವಗಳನ್ನು ಪಾಲಿಸಿತೇ, ಆದೇಶದ ಮುಖದಲ್ಲೇ ಕಾಣುವ ಕಾನೂನಿನ ತಪ್ಪಿದೆಯೇ, ಆಧಾರವೇ ಇಲ್ಲದೆ ತೀರ್ಮಾನಿಸಿತೇ ಎಂಬಿಷ್ಟನ್ನು ನೋಡುತ್ತದೆ. ದೋಷ ಕಂಡರೆ ಆದೇಶವನ್ನು ರದ್ದುಮಾಡಿ, ಪ್ರಶ್ನೆಯನ್ನು ಮತ್ತೆ ಮಂಡಳಿಗೇ ಕಳುಹಿಸುತ್ತದೆ. ನಮ್ಮ ಉದಾಹರಣೆಯ ಎರಡು ಆದೇಶಗಳೂ ಈ ಪರೀಕ್ಷೆಯಲ್ಲಿ ನಿಲ್ಲಲಾರವು.

ಹಿಂದಿರುಗಿಸುವ ಈ ಕ್ರಮದ ಅರ್ಥವನ್ನು ತಿಳಿಯುವುದು ಮುಖ್ಯ. ಒಕ್ಕಲು ಯಾರೆಂಬುದನ್ನು ಸ್ಥಳವನ್ನೂ ಜನರನ್ನೂ ಬಲ್ಲ ಮಂಡಳಿಯೇ ನಿರ್ಣಯಿಸಲೆಂದು ಶಾಸನಸಭೆಯು ಇಚ್ಛಿಸಿತ್ತು; ನ್ಯಾಯಾಲಯವು ಆ ಇಚ್ಛೆಯನ್ನು ಗೌರವಿಸಿತು. ನಿರ್ಣಯಿಸುವ ಬಗೆ ಮಾತ್ರ ಮಂಡಳಿಯ ಮನಸ್ಸಿಗೆ ಬಿಟ್ಟುದಲ್ಲವೆಂದು ಸಾರಿತು. ಪೌರರ ಹಕ್ಕನ್ನು ಬಾಧಿಸುವ ಅಧಿಕಾರವು ಆಡಳಿತದ್ದೇ ಆಗಲಿ, ನ್ಯಾಯಿಕವೇ ಆಗಲಿ, ಅದನ್ನು ಯುಕ್ತವಾದ ರೀತಿಯಲ್ಲಿ ಚಲಾಯಿಸಬೇಕೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು ೧೯೬೯ರ ಕ್ರೈಪಕ್ ಮೊಕದ್ದಮೆಯಲ್ಲಿಯೇ ಸ್ಥಾಪಿಸಿತ್ತು.

ವಕೀಲರ ನಿಷೇಧದ ಪ್ರಶ್ನೆಯು ೧೯೮೭ರಲ್ಲಿ ಶ್ರೀನಿವಾಸ ರಾಘವಾಚಾರ್ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ಭೂ ಸುಧಾರಣೆಯ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದು, ವಕೀಲರನ್ನು ಹೊರಗಿಡುವ ಉಪಕಲಮನ್ನು ಮಾತ್ರ ರದ್ದುಪಡಿಸಿತು. ವಕೀಲರ ವೃತ್ತಿಯ ಹಕ್ಕನ್ನು ಕುರಿತ ಶಾಸನವು ಸಂಸತ್ತಿನ ಕ್ಷೇತ್ರಕ್ಕೆ ಸೇರಿದುದು, ರಾಜ್ಯವು ಅದರಲ್ಲಿ ಕೈಹಾಕಲಾಗದು ಎಂಬುದು ಕಾರಣ. ಇಲ್ಲಿ ನ್ಯಾಯಾಲಯವು ಧಣಿಯ ಕಷ್ಟವನ್ನೂ ಒಕ್ಕಲಿನ ಕಷ್ಟವನ್ನೂ ತೂಗಿ ಹೇಳಲಿಲ್ಲ. ಯಾರು ಯಾವ ಕಾನೂನನ್ನು ಮಾಡಬಲ್ಲರೆಂಬ ಗಡಿಯನ್ನು ಕಾಯ್ದಿತು. ಕಾನೂನಿನ ಆಳ್ವಿಕೆಯು ಹಲವು ಬಾರಿ ಇಂತಹ ಶುಷ್ಕವಾದ ದಾರಿಯಿಂದಲೇ ಪೌರನ ನೆರವಿಗೆ ಬರುತ್ತದೆ.

೭. ಎರಡು ಆಕ್ಷೇಪಗಳು

ಈ ವಿವೇಚನೆಗೆ ಎರಡು ಆಕ್ಷೇಪಗಳು ಏಳಬಹುದು. ನ್ಯಾಯಾಲಯಗಳ ಈ ಸೂಕ್ಷ್ಮತೆಯಿಂದ ಬಡವನಿಗೆ ವಿಳಂಬವಲ್ಲದೆ ಬೇರೇನು ದೊರೆಯಿತು ಎಂಬುದು ಮೊದಲನೆಯದು. ಇದರಲ್ಲಿ ತಥ್ಯವಿದೆ. ಹಿಂದಿರುಗಿದ ಅರ್ಜಿಯು ಮತ್ತೆ ಮಂಡಳಿಯಲ್ಲಿ ವರ್ಷಗಟ್ಟಲೆ ಕುಳಿತರೆ, ಆ ಅವಧಿಯಲ್ಲಿ ಒಕ್ಕಲಿಗೆ ಅಧಿಭೋಗದ ಪ್ರಮಾಣಪತ್ರವಿಲ್ಲ. ಅದಿಲ್ಲದೆ ಭೂಮಿಯ ಆಧಾರದ ಸಾಲವಿಲ್ಲ. ಬೆಂಗಳೂರಿಗೆ ಹೋಗಿಬರುವ ವೆಚ್ಚವು ಧಣಿಗಿಂತ ಒಕ್ಕಲಿಗೆ ಭಾರವಾದುದು. ಈ ಕುಂದನ್ನು ಅರಿತೇ ೧೯೮೬ರಲ್ಲಿ ಜಿಲ್ಲೆಗಳಲ್ಲಿ ಮೇಲ್ಮನವಿಯ ಪ್ರಾಧಿಕಾರಗಳನ್ನು ಸ್ಥಾಪಿಸಲಾಯಿತು. ಆದರೆ ೧೯೯೦ರಲ್ಲಿ ಅವು ರದ್ದಾಗಿ, ವ್ಯಾಜ್ಯಗಳು ಮತ್ತೆ ಉಚ್ಚ ನ್ಯಾಯಾಲಯದ ದಾರಿಯನ್ನೇ ಹಿಡಿದವು. ನಮ್ಮ ಅಭಿಪ್ರಾಯದಲ್ಲಿ ವಿಳಂಬದ ಬಹುಪಾಲಿಗೆ ಕಾರಣವು ಅಹವಾಲನ್ನು ಕೇಳಬೇಕೆಂಬ ನಿಯಮವಲ್ಲ. ಮೊದಲ ಸಲವೇ ಅದನ್ನು ಕೇಳದಿದ್ದುದು. ನೋಟೀಸನ್ನು ಜಾರಿಮಾಡಿ, ನಾಲ್ವರು ಸಾಕ್ಷಿಗಳ ಮಾತನ್ನು ಬರೆದುಕೊಂಡು, ಒಂದು ಪುಟದ ಕಾರಣವನ್ನು ಕೊಡಲು ಹಿಡಿಯುವ ಕಾಲ ಅಲ್ಪ. ಅದನ್ನು ಉಳಿಸಲು ಹೋಗಿ ಕಳೆದ ಕಾಲ ದೀರ್ಘ.

ನ್ಯಾಯಾಲಯಗಳು ಆಸ್ತಿವಂತರ ಪಕ್ಷವನ್ನೇ ವಹಿಸಿದವೆಂಬುದು ಎರಡನೆಯ ಆಕ್ಷೇಪ. ಮೇಲಿನ ನಿದರ್ಶನಗಳು ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಕುಂಞಿಕೋಮನ್ ಮೊಕದ್ದಮೆಯಲ್ಲಿ ತೋಟದವರು ಗೆದ್ದರು. ಎಡನೀರಿನ ಅರ್ಜಿಯಲ್ಲಿ ಭೂ ಸುಧಾರಣೆ ಉಳಿಯಿತು. ಮಂಡಳಿಗಳ ಆದೇಶಗಳ ಮೇಲಿನ ರಿಟ್ಟುಗಳಲ್ಲಿ ವಜಾ ಆದ ಅರ್ಜಿಯ ಒಕ್ಕಲಿಗೂ ಬಾಗಿಲು ತೆರೆದಿತ್ತು. ಸಹಜ ನ್ಯಾಯದ ತತ್ವಗಳು ಬಲವಂತನಿಗೆ ಆಯುಧವಾಗಬಲ್ಲವೆಂಬುದು ನಿಜ. ಆದರೆ ಮಂಡಳಿಯ ಸದಸ್ಯರೊಡನೆ ಪರಿಚಯವಾಗಲಿ, ಪಕ್ಷದ ಬೆಂಬಲವಾಗಲಿ ಇಲ್ಲದ ಬಡ ಒಕ್ಕಲಿಗೆ ಅವೇ ಏಕೈಕ ಆಯುಧ.

೮. ಉಪಸಂಹಾರ

ನ್ಯಾಯಾಲಯವು ಹಕ್ಕುಗಳನ್ನು ತೂಗುತ್ತದೆಯೆಂದಾಗ, ಅಂಗಡಿಯ ತಕ್ಕಡಿಯಂತೆ ಒಬ್ಬನಿಂದ ಒಂದಿಷ್ಟನ್ನು ತೆಗೆದು ಇನ್ನೊಬ್ಬನಿಗೆ ಹಾಕಿ ಮುಳ್ಳನ್ನು ನೆಟ್ಟಗೆ ನಿಲ್ಲಿಸುತ್ತದೆಯೆಂಬ ಚಿತ್ರವು ಮನಸ್ಸಿಗೆ ಬರುವುದುಂಟು. ನಾವು ಕಂಡ ಮೂರು ನಿದರ್ಶನಗಳಲ್ಲಿ ಅದು ಹಾಗೆ ನಡೆಯಲಿಲ್ಲ. ಭೂಮಿ ಯಾರಿಗೆ ಸಲ್ಲಬೇಕೆಂಬ ಗುರಿಯನ್ನು ನ್ಯಾಯಾಲಯವು ಶಾಸನಸಭೆಗೆ ಬಿಟ್ಟಿತು. ಆ ಗುರಿಯ ಕಡೆಗೆ ನಡೆಯುವಾಗ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬೇಡಿತು: ಸಮಾನರನ್ನು ಸಮಾನವಾಗಿ ಕಂಡಿರಾ? ಪ್ರಶ್ನಿಸುವ ಬಾಗಿಲನ್ನು ತೆರೆದಿಟ್ಟಿರಾ? ಕಳೆದುಕೊಳ್ಳುವವನ ಮಾತನ್ನು ಕೇಳಿದಿರಾ? ಈ ಮೂರಕ್ಕೂ ಸರಿಯಾದ ಉತ್ತರವಿದ್ದರೆ ಒಕ್ಕಲಿಗೆ ದೊರೆತ ಹಕ್ಕನ್ನು ಮುಂದೆ ಯಾರೂ ಅಲುಗಿಸಲಾರರು. ಉತ್ತರವಿಲ್ಲದಿದ್ದರೆ, ಇಂದು ಒಂದು ಸಾಲಿನ ಆದೇಶದಿಂದ ಬಂದ ಭೂಮಿಯು ನಾಳೆ ಇನ್ನೊಂದು ಸಾಲಿನ ಆದೇಶದಿಂದ ಹೋಗಬಹುದು.

ಕೊನೆಯದಾಗಿ ಅಧ್ಯಾಪಕರಿಗೂ ಸಂಶೋಧಕ ವಿದ್ಯಾರ್ಥಿಗಳಿಗೂ ಒಂದು ಸೂಚನೆ. ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಮುದ್ರಿತವಾಗಿವೆ. ಅವನ್ನು ಎಲ್ಲಿ ಬೇಕಾದರೂ ಓದಬಹುದು. ತಾಲೂಕು ಮಟ್ಟದ ಮಂಡಳಿಗಳ ಕಡತಗಳಲ್ಲಿರುವ ಒಕ್ಕಲಿನ ಹೇಳಿಕೆ, ಒಡತಿಯ ತಕರಾರು, ನೆರೆಯವನ ಸಾಕ್ಷ್ಯ, ಮಂಡಳಿಯ ಆದೇಶ ಇವುಗಳು ಹಾಗಲ್ಲ. ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಗ್ರಾಮವೊಂದನ್ನು ಆರಿಸಿಕೊಂಡು, ಅನುಮತಿ ಪಡೆದು, ಅಲ್ಲಿನ ೭ನೆಯ ನಮೂನೆಯ ಅರ್ಜಿಗಳು ಯಾವ ಯಾವ ಹಂತಗಳನ್ನು ದಾಟಿ ಎಲ್ಲಿಗೆ ಮುಟ್ಟಿದವೆಂದು ಕ್ರಮವಾಗಿ ಪರಿಶೀಲಿಸಿದರೆ, ಕಾನೂನಿನ ಆಳ್ವಿಕೆಯು ಗ್ರಾಮದ ಮಟ್ಟದಲ್ಲಿ ಹೇಗೆ ನಡೆಯಿತೆಂಬುದಕ್ಕೆ ಯಾವ ಪಠ್ಯಪುಸ್ತಕದಲ್ಲಿಯೂ ಸಿಗದ ಸಾಮಗ್ರಿ ಒದಗುವುದು. ಅರ್ಜಿ ಕೊಟ್ಟವರಲ್ಲಿಯೂ ತಕರಾರು ಹೂಡಿದವರಲ್ಲಿಯೂ ಅನೇಕರು ಈಗ ವೃದ್ಧರು. ಅವರ ನೆನಪುಗಳನ್ನು ಕಡತಗಳೊಡನೆ ಹೋಲಿಸಿ ನೋಡುವ ಕೆಲಸವನ್ನು ತಡಮಾಡದೆ ಕೈಗೊಳ್ಳುವುದು ಯುಕ್ತ.